ಎಂಟನೇ ಅವೆನ್ಯೂವಿನ ಗರಡಿ

ಪಿಲಾಟೀಸ್ ವ್ಯಾಯಾಮವನ್ನು ಒಬ್ಬೊಬ್ಬರ ಮೈಗೆ ಹೊಂದಿಸಿ ಕಲಿಸುವುದು ಇಂದು ಹೆಚ್ಚು ಹಣ ಕೊಟ್ಟವರಿಗೆ ಸಿಗುವ ವಿಶೇಷ ಸೌಲಭ್ಯವಾಗಿದೆ. ಈ ಪದ್ಧತಿ ಬೆಳೆದದ್ದು ನ್ಯೂಯಾರ್ಕಿನ ಎಂಟನೇ ಅವೆನ್ಯೂವಿನ 939ನೇ ಕಟ್ಟಡದ ವ್ಯಾಯಾಮದ ಕೋಣೆಯಲ್ಲಿ. ಅಲ್ಲಿ ಕಲಿಕೆಯೆಂದರೆ ಒಬ್ಬೊಬ್ಬರ ಮೈಗೆ ಹೊಂದಿಸಿ ಕಲಿಸುವುದೇ ಆಗಿತ್ತು. ಪದ್ಧತಿಯನ್ನು ರೂಪಿಸಿದ ಜೋಸೆಫ್ ಪಿಲಾಟೀಸರ ಕೈಕೆಳಗೆ ಪಳಗಿ ತಾವೂ ಗುರುಗಳಾದವರಲ್ಲಿ ಹಲವರು ಒಬ್ಬೊಬ್ಬರಾಗಿ ತೀರಿಕೊಂಡರು: ಈವ್ ಜೆಂಟ್ರಿ 1994ರಲ್ಲಿ, ಕ್ಯಾರೊಲಾ ಟ್ರಿಯರ್ 2000ದಲ್ಲಿ, ಕ್ಯಾಥಿ ಗ್ರಾಂಟ್ 2010ರಲ್ಲಿ, ರಾನ್ ಫ್ಲೆಚರ್ 2011ರಲ್ಲಿ, ರೊಮಾನಾ ಕ್ರಿಜನೊವ್ಸ್ಕಾ 2013ರಲ್ಲಿ. ಆ ಕೋಣೆಯಲ್ಲಿ ಏನು ನಡೆಯುತ್ತಿತ್ತು ಎಂದು ತಿಳಿಯಲು ಪುಸ್ತಕಕ್ಕಿಂತ ಇವರು ಹೇಳಿಹೋದ ನೆನಪುಗಳನ್ನೇ ನಂಬಬೇಕು. 1945ರಲ್ಲಿ ಬಂದ ಜೋಸೆಫರ ಪುಸ್ತಕದಲ್ಲಿ 34 ವ್ಯಾಯಾಮಗಳು ಎಲ್ಲರಿಗೂ ಒಂದೇ ಕ್ರಮ ಎಂಬಂತೆ ಅಚ್ಚಾಗಿವೆ. ಬಂದವರ ಮೈ ನೋಡಿ ಆ ಕ್ರಮದಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂದು ನಿರ್ಧರಿಸುವುದು ಗುರುವಿನ ಕೆಲಸವಾಗಿತ್ತು. ಅದು ಅಚ್ಚಿಗೆ ಬರಲಿಲ್ಲ.

ಜೋಸೆಫ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯಲ್ಲಿ. ಮೊದಲ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿದ್ದುದರಿಂದ ಉಳಿದ ಜರ್ಮನ್ನರ ಜೊತೆ ಸೆರೆಯಾಗಿ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರ ಸೇರಿದರು. ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ, ಮಲಗಿದಲ್ಲೇ ಕೈಕಾಲು ಆಡಿಸಿದರೆಂಬ ಕಥೆ ಅಲ್ಲಿಂದ ಬಂದದ್ದು. 1926ರಲ್ಲಿ ಅಮೆರಿಕಕ್ಕೆ ಬಂದು, ಸಂಗಾತಿ ಕ್ಲಾರಾ ಜೊತೆ ಎಂಟನೇ ಅವೆನ್ಯೂವಿನಲ್ಲಿ ನೆಲೆಯೂರಿದರು. ಗಾಯಗೊಂಡ ನೃತ್ಯಗಾರರಿಗೆ ಅವರ ವ್ಯಾಯಾಮದ ಕೋಣೆ ಬಲುಬೇಗ ಆಸರೆಯಾಯಿತು. ಬ್ಯಾಲೆ ಗುರು ಜಾರ್ಜ್ ಬ್ಯಾಲಂಚೀನ್ ತಮ್ಮವರನ್ನು ಅಲ್ಲಿಗೇ ಕಳಿಸುತ್ತಿದ್ದರು.

ಅಲ್ಲಿ ತರಗತಿ ಎಂಬುದಿರಲಿಲ್ಲ. ಗರಡಿಮನೆಯಲ್ಲಿ ಒಬ್ಬ ದಂಡ ಹೊಡೆಯುವಾಗ ಇನ್ನೊಬ್ಬ ಗದೆ ತಿರುಗಿಸುತ್ತಿರುತ್ತಾನೆ, ಉಸ್ತಾದರ ಕಣ್ಣು ಇಬ್ಬರ ಮೇಲೂ ಇರುತ್ತದೆ. ಎಂಟನೇ ಅವೆನ್ಯೂವಿನ ರೀತಿಯೂ ಅದೇ. ಒಬ್ಬರು ಜಾರುಹಲಗೆಯ ರಿಫಾರ್ಮರ್ ಮೇಲೆ, ಇನ್ನೊಬ್ಬರು ಕಂಬಗಳ ಮಂಚದಂಥ ಕ್ಯಾಡಿಲಾಕ್ ಮೇಲೆ, ಮತ್ತೊಬ್ಬರು ನೆಲದ ಚಾಪೆಯ ಮೇಲೆ ತಮ್ಮ ತಮ್ಮ ಪಾಠ ಒಪ್ಪಿಸುತ್ತಿದ್ದರು. ಪಾಠವನ್ನು ನೆನಪಿಟ್ಟುಕೊಳ್ಳುವ ಹೊಣೆ ಕಲಿಯುವವರದೇ. ಜೋಸೆಫರು ಮೈಗಂಟಿದ ವ್ಯಾಯಾಮದ ಉಡುಪಿನಲ್ಲಿ ಓಡಾಡುತ್ತ, ಮಾತಿಗಿಂತ ಹೆಚ್ಚಾಗಿ ಕೈಯಿಂದ ತಿದ್ದುತ್ತಿದ್ದರು. ಬೆನ್ನು ಎದ್ದರೆ ಅಂಗೈ ಇಟ್ಟು ಒತ್ತುತ್ತಿದ್ದರು. ಅವರಿಗಿದ್ದ ಚುಟ್ಟಾದ ಚಟವನ್ನು, ಅದರ ಹೊಗೆಯ ವಾಸನೆಯನ್ನು ಶಿಷ್ಯರು ಯಾರೂ ಮರೆಯಲಿಲ್ಲ. ನರ್ಸಿನಂತೆ ಬಿಳಿ ಉಡುಪು ತೊಡುತ್ತಿದ್ದ ಕ್ಲಾರಾ ಮೆಲುದನಿಯವರು. ನೋವು ಹೊತ್ತು ಬಂದವರು ಅವರ ಕೈಯನ್ನೇ ಬಯಸುತ್ತಿದ್ದರು.

ಆ ಕೋಣೆಯ ಒಂದು ಒಪ್ಪಂದವನ್ನು ರೊಮಾನಾ ಬದುಕಿನುದ್ದಕ್ಕೂ ಹೇಳುತ್ತಿದ್ದರು. 1940ರ ದಶಕದ ಆರಂಭದಲ್ಲಿ, ಇನ್ನೂ ಹದಿಹರೆಯದ ಬ್ಯಾಲೆ ವಿದ್ಯಾರ್ಥಿನಿಯಾಗಿದ್ದಾಗ, ಅವರ ಪಾದದ ಗಂಟಿಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ಅವರಿಗೆ ಬೇಡವಾಗಿತ್ತು. ಬ್ಯಾಲಂಚೀನ್ ರೊಮಾನಾರನ್ನು ಜೋಸೆಫರ ಬಳಿಗೆ ಕರೆತಂದರು. ಐದು ಪಾಠ ಮಾಡಿ ನೋಡು, ಗುಣ ಕಾಣದಿದ್ದರೆ ಹಣ ವಾಪಸ್ ಎಂದರು ಜೋಸೆಫ್. ಪಾಠ ಶುರುವಾದರೆ ಹೊಟ್ಟೆಯ ಕೆಲಸ, ಬೆನ್ನಿನ ಕೆಲಸ, ಸೊಂಟದ ಕೆಲಸ! ಕಾಲಿಗೂ ಇದಕ್ಕೂ ಏನು ಸಂಬಂಧ ಎಂದು ಹುಡುಗಿ ಕೇಳಿದಳು. ಐದು ಪಾಠ ಮುಗಿಯುವ ಮೊದಲೇ ನೋವು ತಗ್ಗಿತು, ಹಣ ವಾಪಸ್ ಕೇಳುವ ಪ್ರಮೇಯ ಬರಲಿಲ್ಲ. ನೋವಿರುವ ಕಡೆಯನ್ನಷ್ಟೇ ನೋಡದೆ ಇಡೀ ಮೈಯ ನಡೆಯನ್ನು ಓದಿ ಪಾಠ ಕಟ್ಟುವುದು ಜೋಸೆಫರ ರೀತಿ. ಸ್ತನದ ಶಸ್ತ್ರಚಿಕಿತ್ಸೆಯಿಂದ ತೋಳೆತ್ತಲಾಗದೆ ಬಂದ ಈವ್ ಜೆಂಟ್ರಿಗೆ ಕೊಟ್ಟ ಪಾಠವೇ ಬೇರೆ. ಅವರು ಮತ್ತೆ ತೋಳಾಡಿಸುವಂತಾದದ್ದನ್ನು ಚಲನಚಿತ್ರವಾಗಿ ಸೆರೆಹಿಡಿದರು.

ಜೋಸೆಫರು 1967ರಲ್ಲಿ ತೀರಿಕೊಂಡ ಮೇಲೆ ಶಿಷ್ಯರು ಕಲಿಸಿದ ಪಿಲಾಟೀಸ್ ಒಂದೇ ಆಗಿರಲಿಲ್ಲ. ರೊಮಾನಾ ಚಲನೆಯ ತಡೆಯಿಲ್ಲದ ಓಟಕ್ಕೆ ಒತ್ತು ಕೊಟ್ಟರು, ಜೆಂಟ್ರಿ ಮೊದಲ ಪಾಠಕ್ಕೂ ಮುಂಚಿನ ಸಣ್ಣ ಚಲನೆಗಳಿಗೆ, ಫ್ಲೆಚರ್ ಉಸಿರಾಟಕ್ಕೆ. ಯಾರದು ಅಸಲಿ ಎಂಬ ಜಗಳ ಹತ್ತಿತು. ಜಗಳ ಬೆಳೆದು ಹೆಸರಿನ ಮೇಲಿನ ಹಕ್ಕು ನ್ಯಾಯಾಲಯಕ್ಕೂ ಹೋಯಿತು. ಪಿಲಾಟೀಸ್ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲ, ಒಂದು ವ್ಯಾಯಾಮ ಪದ್ಧತಿಯ ಸಾಮಾನ್ಯ ಹೆಸರು ಎಂದು 2000ದಲ್ಲಿ ತೀರ್ಪು ಬಂತು. ಶಿಷ್ಯರ ನೆನಪುಗಳು ಹೊಂದದಿರುವುದು ಅವರ ದೋಷವಲ್ಲ. ಬೇರೆ ಬೇರೆ ಮೈಗಳಿಗೆ ಬೇರೆ ಬೇರೆ ಪಾಠ ಸಿಕ್ಕಿತ್ತು; ಪ್ರತಿಯೊಬ್ಬರೂ ತಮಗೆ ಸಿಕ್ಕದ್ದನ್ನು ನಿಷ್ಠೆಯಿಂದ ಕಾಪಾಡಿದರು.

ಹೊಂದಿಸುವ ಕೆಲಸದ ಸೂಕ್ಷ್ಮ ರಿಫಾರ್ಮರಿನ ಸ್ಪ್ರಿಂಗಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಂಗಾತ ಮಲಗಿ ಪಾದದಿಂದ ಕಂಬಿಯನ್ನು ಒತ್ತುವಾಗ ಸ್ಪ್ರಿಂಗ್ ಹೆಚ್ಚಿದಷ್ಟೂ ಕೆಲಸ ಭಾರ. ಅದೇ ಹಲಗೆಯ ಮೇಲೆ ಕಾಲಿಟ್ಟು, ಕೈ ಕಂಬಿಗೆ ಊರಿ, ಮೈಯನ್ನು ನೇರವಾಗಿ ಹಿಡಿಯುವಾಗ ಲೆಕ್ಕ ತಿರುವುಮುರುವು. ಸ್ಪ್ರಿಂಗ್ ಕಡಿಮೆಯಾದಷ್ಟೂ ಹಲಗೆ ಜಾರುತ್ತದೆ, ಹೊಟ್ಟೆಯ ಸ್ನಾಯುಗಳು ಹೆಚ್ಚು ದುಡಿಯಬೇಕು. ಹೊಸಬರಿಗೆ ಅಲ್ಲಿ ಇನ್ನೊಂದು ಸ್ಪ್ರಿಂಗ್ ಹಾಕಿದರೆ ಅದೇ ಆಧಾರ. ಮಂಡಿ ಹಿಂದಕ್ಕೆ ಬಾಗುವವರಿಗೆ ಕಾಲನ್ನು ಪೂರ್ತಿ ನೀಡುವ ಮೊದಲೇ ನಿಲ್ಲಿಸಬೇಕು. ಡಿಸ್ಕ್ ಜಾರಿದವರಿಗೆ ಮುಂದಕ್ಕೆ ಬಾಗುವುದು ಸಾಮಾನ್ಯವಾಗಿ ತೊಂದರೆ. ಬೆನ್ನುಹುರಿಯ ದಾರಿ ಕಿರಿದಾದವರಿಗೆ ಹಿಂದಕ್ಕೆ ಬಾಗುವುದು.

ಹಳೆಯ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳುವಂತಿಲ್ಲ. ಜೋಸೆಫರು ಒರಟರು. ಮೈ ಮುಟ್ಟುವ ಮೊದಲು ಒಪ್ಪಿಗೆ ಕೇಳುವುದು ಆ ಕಾಲದ ರೂಢಿಯಲ್ಲ. ಮೂಳೆ ಸವೆದವರಿಗೆ ಬೆನ್ನು ಉರುಳಿಸುವ, ಮುಂದಕ್ಕೆ ಬಗ್ಗಿಸುವ ವ್ಯಾಯಾಮಗಳಿಂದ ಬೆನ್ನೆಲುಬು ಮುರಿಯುವ ಅಪಾಯವಿದೆ ಎಂಬ ತಿಳಿವಳಿಕೆ ಇಂದಿನದು. ಜೋಸೆಫರ ಪುಸ್ತಕದ 34ರಲ್ಲಿ ಅಂಥವು ಹಲವಿವೆ. ಬಸುರಿನ ತಿಂಗಳು, ಹಿಂದಿನ ಶಸ್ತ್ರಚಿಕಿತ್ಸೆ, ರಕ್ತದೊತ್ತಡಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳುವ ಇಂದಿನ ಒಳ್ಳೆಯ ಶಿಕ್ಷಕರು ಈ ವಿಷಯದಲ್ಲಿ ಗುರುವಿಗಿಂತ ಮುಂದಿದ್ದಾರೆ.

ಆದರೆ ಕೇಳಿ ಬರೆದುಕೊಂಡದ್ದು ಪಾಠಕ್ಕೆ ಇಳಿಯುವುದು ಅಪರೂಪ. ನ್ಯೂಯಾರ್ಕಿನಿಂದ ಬೆಂಗಳೂರಿನವರೆಗೆ ಸಾಲಾಗಿ ರಿಫಾರ್ಮರ್ ಜೋಡಿಸಿ, ಜೋರು ಸಂಗೀತ ಹಾಕಿ, ಎಲ್ಲರಿಗೂ ಒಂದೇ ಸ್ಪ್ರಿಂಗ್ ಕೂಗಿ ಹೇಳುವ ಸ್ಟುಡಿಯೊಗಳಿವೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಹಿಡಿದವರೂ, ಹೆರಿಗೆಯಾಗಿ ಹೊಟ್ಟೆಯ ಸ್ನಾಯು ಇನ್ನೂ ಕೂಡಿಕೊಳ್ಳದವರೂ ಅಲ್ಲಿ ಅಕ್ಕಪಕ್ಕ ಒಂದೇ ಎಣಿಕೆಗೆ ಕಾಲು ಎತ್ತುತ್ತಾರೆ. ಬಾಡಿಗೆ ಹೆಚ್ಚು, ಯಂತ್ರ ದುಬಾರಿ, ಗುಂಪಿಲ್ಲದೆ ಲೆಕ್ಕ ಕೂಡುವುದಿಲ್ಲ ಎಂಬುದು ನಿಜ. ಆದರೆ ಎಂಟನೇ ಅವೆನ್ಯೂವಿನಲ್ಲೂ ಒಂದೇ ಹೊತ್ತಿಗೆ ಹಲವರು ಇರುತ್ತಿದ್ದರು, ಹಾಗಾಗಿ ಗುಂಪೇ ಅಡ್ಡಿಯಲ್ಲ. ಕಲಿಯುವವರು ತಮ್ಮ ಪಾಠವನ್ನು ತಾವೇ ನೆನಪಿಡುತ್ತಿದ್ದರು, ಆದ್ದರಿಂದ ಗುರುವಿಗೆ ಎಣಿಸುವ ಕೆಲಸವಿಲ್ಲದೆ ನೋಡಲು ಬಿಡುವಿರುತ್ತಿತ್ತು. ಆ ಬಿಡುವನ್ನು ಶಿಕ್ಷಕರಿಗೆ ಕೊಡದ ಸ್ಟುಡಿಯೊ ಪಿಲಾಟೀಸ್ ಎಂಬ ಹೆಸರನ್ನು ಕಾನೂನಿನ ಪ್ರಕಾರ ಧಾರಾಳವಾಗಿ ಬಳಸಬಹುದು. ಅಲ್ಲಿ ನಡೆಯುವುದು ಮಾತ್ರ ಕವಾಯತು.