ಬೇಡ ಎನ್ನಲೂ ಕೂಲಿ

1990ರ ದಶಕದ ಕೊನೆಯಲ್ಲಿ ನಾನು ಪೀಣ್ಯ ಎರಡನೇ ಹಂತದ ಡೀಸೆಲ್ ಪಂಪ್ ಷೆಡ್ಡೊಂದರಲ್ಲಿ ಕೆಲಸ ಕಲಿಯುತ್ತಿದ್ದೆ. ಆಗ ಹಳೇ ಕಾರು ಕೊಳ್ಳುವವರು ಪರಿಚಯದ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಮೇಸ್ತ್ರಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆಯುತ್ತಿದ್ದರು. ಅಲ್ಲಿಂದ ಹೊಗೆ ನುಗ್ಗಿ ಬಂದರೆ ಬೋರು, ರಿಂಗು ಸವೆದಿವೆ ಎಂದೇ ಲೆಕ್ಕ. ಗೇಜು ಕಡ್ಡಿ ಎಳೆದು ಆಯಿಲನ್ನು ಎರಡು ಬೆರಳ ನಡುವೆ ಉಜ್ಜುತ್ತಿದ್ದರು. ಬಾಗಿಲ ಕೆಳಅಂಚನ್ನು ಗೆಣ್ಣಿನಿಂದ ತಟ್ಟುತ್ತಿದ್ದರು. ತಗಡಿನ ಸದ್ದು ಮಂದವಾದರೆ ಒಳಗೆ ಟಿಂಕರಿಂಗ್ ಆಗಿ ಪುಟ್ಟಿ ಬಳಿದಿದ್ದಾರೆ. ಅನುಮಾನ ಉಳಿದರೆ ಜೇಬಿನಿಂದ ಸ್ಪೀಕರಿನ ಹಳೇ ಆಯಸ್ಕಾಂತ ಹೊರಬರುತ್ತಿತ್ತು; ಪುಟ್ಟಿ ಇದ್ದಲ್ಲಿ ಅದು ಅಂಟದು.

ಮಾರುತಿ 800, ಅಂಬಾಸಿಡರ್, ಅಪರೂಪಕ್ಕೆ ಕಾರ್ಖಾನೆ ಸಾಹುಕಾರರ ಕಾಂಟೆಸಾ. ಇವಕ್ಕೆ ಅಷ್ಟು ಸಾಕಾಗಿತ್ತು. ನೋಡಿದವರ ಅಂದಾಜು ತಪ್ಪಿದರೂ ಬೋರ್ ಹೊಡೆಸಲು, ಕ್ರ್ಯಾಂಕ್ ಗ್ರೈಂಡ್ ಮಾಡಿಸಲು ಪೀಣ್ಯದ ಲೇತ್ ಷೆಡ್ಡುಗಳಿದ್ದವು, ಸಾಮಾನಿಗೆ ಜೆ.ಸಿ. ರಸ್ತೆ ಇತ್ತು, ಅಲ್ಲೂ ಸಿಗದಿದ್ದರೆ ಶಿವಾಜಿನಗರದ ಗುಜರಿ. ತೊಡಕಿದ್ದದ್ದು ಕೂಲಿಯಲ್ಲಿ. ವ್ಯಾಪಾರ ಕುದುರಿದರೆ ಮಾತ್ರ ಮೇಸ್ತ್ರಿಗೆ ಕಾಸು; ಅದೂ ಬಹಳ ಸಲ ಬ್ರೋಕರ್ ಕೈಯಿಂದಲೇ. ಹಾಗಾಗಿ ಎಂಥ ಪ್ರಾಮಾಣಿಕ ಮೇಸ್ತ್ರಿಯ ಬಾಯಲ್ಲೂ 'ಗಾಡಿ ಬೇಡ' ಎಂಬ ಮಾತು ಕಷ್ಟಪಟ್ಟು ಹೊರಡುತ್ತಿತ್ತು. 'ಸಣ್ಣಪುಟ್ಟ ಕೆಲಸ ಇದೆ, ರೇಟು ಇಳಿಸಿ ತಗೊಳ್ಳಿ' ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತಿತ್ತು.

1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಇ-ಕ್ಲಾಸ್ ಜೋಡಣೆ ಶುರುವಾಗಿತ್ತು. 2007ರಲ್ಲಿ ಚೆನ್ನೈಯಲ್ಲಿ ಬಿಎಂಡಬ್ಲ್ಯು ಕಾರ್ಖಾನೆ ಬಂತು. ಅಷ್ಟರಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಸಂಬಳದ ಜೊತೆ ಷೇರೂ ಪಡೆದ ತಲೆಮಾರು ತಯಾರಾಗಿತ್ತು. ಮೊದಲ ಮಾಲೀಕರು ನಾಲ್ಕೈದು ವರ್ಷ ಓಡಿಸಿ ಬಿಟ್ಟ ಜರ್ಮನ್ ಕಾರು ಹೊಸ ಸಾಧಾರಣ ಕಾರಿನ ಬೆಲೆಗೆ ಸಿಗತೊಡಗಿತು. ಕಾರಿನ ಬೆಲೆ ಅರ್ಧಕ್ಕಿಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ ಎಂಬುದು ಆ ತಲೆಮಾರಿನ ಹುಡುಗರಿಗೆ ಗೊತ್ತಾದದ್ದು ಮೊದಲ ಸರ್ವೀಸ್ ಬಿಲ್ಲಿನಲ್ಲಿ. ಬಿಎಂಡಬ್ಲ್ಯು 320ಡಿಯ ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನು ಗೇರ್‌ಬಾಕ್ಸ್ ಬದಿಗಿದೆ. ಅದು ಸಡಿಲಾಗಿ ಸದ್ದು ಮಾಡಿದರೆ ಗೇರ್‌ಬಾಕ್ಸನ್ನೋ ಎಂಜಿನ್ನನ್ನೋ ಇಳಿಸದೆ ದಾರಿಯಿಲ್ಲ.

ಆಗ ಹಳೇ ಕಾರು ನೋಡಿಕೊಡಿ ಎಂದು ನನ್ನ ಬಳಿ ಬಂದವರೊಬ್ಬರು ವೈಟ್‌ಫೀಲ್ಡಿನ ಎಂಜಿನಿಯರ್. "ನೀವು ಬೇಡ ಅಂದ್ರೂ ನಿಮ್ಮ ಫೀಸು ಕೊಡ್ತೀನಿ ಸಾರ್, ಆದ್ರೆ ನೋಡಿದ್ದನ್ನೆಲ್ಲ ಬರೆದುಕೊಡಿ" ಎಂದರು. ಕೆಲಸ ಕಲಿಸಿದ ಮೇಸ್ತ್ರಿಗೆ ಇದನ್ನು ಹೇಳಿದೆ. "ಬೇಡ ಅನ್ನೋಕೂ ದುಡ್ಡಾ ಮರಿ?" ಎಂದು ನಕ್ಕರು. ಕಸುಬು ತಿರುಗಿದ್ದು ಅಲ್ಲೇ.

ಕೈಗೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಬಂತು, ಬಣ್ಣದ ದಪ್ಪ ಅಳೆಯುವ ಮೀಟರ್ ಬಂತು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ನೂರರಿಂದ ನೂರೈವತ್ತು ಮೈಕ್ರಾನ್ ಆಸುಪಾಸು. ಪುಟ್ಟಿ ಇದ್ದಲ್ಲಿ ಅಂಕಿ ಹಲವು ಪಟ್ಟು ಏರುತ್ತದೆ. ಫೆರಾರಿಯಂಥ ಅಲ್ಯೂಮಿನಿಯಂ ಮೈಗೆ ಮೇಸ್ತ್ರಿಯ ಆಯಸ್ಕಾಂತ ಅಂಟುವುದೇ ಇಲ್ಲ, ಅಲ್ಯೂಮಿನಿಯಂ ಅಳೆಯುವ ಮೀಟರೇ ಬೇಕು. ಡ್ಯಾಷ್‌ಬೋರ್ಡಿನ ಕಿಲೋಮೀಟರನ್ನು ಲ್ಯಾಪ್‌ಟಾಪಿನಿಂದ ಇಳಿಸುವವರಿದ್ದಾರೆ. ಆದರೆ ಎಷ್ಟೋ ಕಾರುಗಳಲ್ಲಿ ಬೇರೆ ಕಂಟ್ರೋಲ್ ಯೂನಿಟ್ಟುಗಳೂ, ಕೆಲವು ಬಿಎಂಡಬ್ಲ್ಯುಗಳಲ್ಲಿ ಬೀಗದ ಕೈಯೂ ಆ ಲೆಕ್ಕ ಇಟ್ಟುಕೊಂಡಿರುತ್ತವೆ. ಪೋರ್ಷೆಯಲ್ಲಿ ಎಂಜಿನ್ನನ್ನು ಮಿತಿಮೀರಿ ತಿರುಗಿಸಿದ ದಾಖಲೆ ಸಿಗುತ್ತದೆ. ಹಳೆಯ ಫೆರಾರಿಯ ಎಫ್1 ಗೇರ್‌ಬಾಕ್ಸಿನಲ್ಲಿ ಕ್ಲಚ್ ಎಷ್ಟು ಸವೆದಿದೆ ಎಂದು ಯಂತ್ರವೇ ಹೇಳುತ್ತದೆ.

ಇಂಥ ಕಾರಿಗೆ ಕಡಿಮೆ ಓಡಿದ್ದೇ ದೊಡ್ಡಸ್ತಿಕೆ ಎಂದು ಮಾರುವವರು ಹೇಳುತ್ತಾರೆ. ಆದರೆ ವಿಲ್ಲಾದ ಷೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ರಬ್ಬರು, ಸೀಲು, ಬ್ಯಾಟರಿ ನಿಂತಲ್ಲೇ ಸಾಯುತ್ತವೆ. ಟೈರಿನ ಅಂಚಿನ ನಾಲ್ಕು ಅಂಕಿ ನೋಡಿ: 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಕಾರು ಹೊಸದರಂತೆ ಹೊಳೆದರೂ ಅಂಥ ಟೈರಿನಲ್ಲಿ ವೇಗಕ್ಕೆ ಹೋಗಬಾರದು.

2022ರ ಸೆಪ್ಟೆಂಬರ್ ಮಳೆ ನಮಗೆ ಹೊಸ ಪಾಠ ಕಲಿಸಿತು. ಯಮಲೂರಿನ ವಿಲ್ಲಾಗಳಲ್ಲಿ ಬೆಂಟ್ಲಿ, ಲೆಕ್ಸಸ್ ಕಿಟಕಿಯವರೆಗೂ ಮುಳುಗಿದವು; ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನ ಟ್ರ್ಯಾಕ್ಟರಿನಲ್ಲಿ ಹೊರಬಂದರು. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು. ಸಿಲಿಂಡರಿಗೆ ನೀರು ಹೊಕ್ಕಿದ್ದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಎಂಜಿನ್ ಉಳಿದರೂ ಕಾರ್ಪೆಟ್ಟಿನಡಿಯ ಕಂಟ್ರೋಲ್ ಯೂನಿಟ್ಟುಗಳು ತಿಂಗಳುಗಳ ಮೇಲೆ ಒಂದೊಂದಾಗಿ ಕೈಕೊಡುತ್ತವೆ. ಆ ಮಳೆಯಾದ ಮೇಲೆ ಯಾವ ಕಾರು ಬಂದರೂ ನಾನು ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತೇನೆ. ಕಾರನ್ನೆಲ್ಲ ತೊಳೆದವರು ಸುರುಳಿಯ ಒಳತುದಿಯ ಕೆಸರು ಗೆರೆ ಮರೆತಿರುತ್ತಾರೆ. ಆಮೇಲೆ ಸೀಟಿನ ಬೋಲ್ಟುಗಳ ತುಕ್ಕು, ವೈರ್ ಕನೆಕ್ಟರುಗಳ ಹಸಿರು ಕಿಲುಬು, ಸ್ಟೆಪ್ನಿ ಗುಂಡಿ.

ಈಗ ಅರ್ಧ ಪರೀಕ್ಷೆ ಕಾಗದದ್ದೇ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಅಲ್ಲಿನ ದೊಡ್ಡ ಕಾರುಗಳು ಅಗ್ಗಕ್ಕೆ ಇತ್ತ ಬಂದವು. ಅಗ್ಗ ಎಂಬುದು ತೆರಿಗೆ ಕಟ್ಟುವವರೆಗೆ. 20 ಲಕ್ಷ ಮೀರಿದ ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ 18. ಹೊರರಾಜ್ಯದ ಹಳೇ ಕಾರಿಗೆ ವಯಸ್ಸಿಗೆ ತಕ್ಕಷ್ಟು ಇಳಿಯುತ್ತದೆ, ಮಾಫಿಯಿಲ್ಲ. ಅದನ್ನು ತಪ್ಪಿಸಲೆಂದೇ ಪುದುಚೇರಿ ನಂಬರಿನ ಕಾರುಗಳು ಇಲ್ಲಿ ಓಡಾಡುತ್ತಿದ್ದವು. 2025ರ ಜುಲೈನಲ್ಲಿ ಬೆಂಗಳೂರಿನ ಒಂದು ಫೆರಾರಿಯಿಂದ ಸಾರಿಗೆ ಇಲಾಖೆ ವಸೂಲು ಮಾಡಿದ ತೆರಿಗೆ, ದಂಡ ಸೇರಿ ಸುಮಾರು 1.42 ಕೋಟಿ ರೂಪಾಯಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭೂತಾನ್ ಮೂಲಕ ನುಸುಳಿದ ಕಾರುಗಳಿಗಾಗಿ ಕೇರಳದಲ್ಲಿ ಕಸ್ಟಮ್ಸ್ ದಾಳಿ ನಡೆಯಿತು. ಆದ್ದರಿಂದ ನಂಬರು ಇಲ್ಲಿನದೇ ಕೆಎ-51 ಇರಲಿ, ಕೆಎ-53 ಇರಲಿ, ಚಾಸಿ ನಂಬರನ್ನು ಕಾರಿನ ಮೈಮೇಲೆ ಓದಿ ಆರ್.ಸಿ.ಯೊಂದಿಗೆ ತಾಳೆ ನೋಡುವುದು, ಬ್ಯಾಂಕಿನ ಸಾಲ ತೀರಿದ ಫಾರಂ 35, ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ, ಆಮದಾದರೆ ಕಸ್ಟಮ್ಸ್ ಕಾಗದ, ಇವೆಲ್ಲ ಎಂಜಿನ್ನಿಗೆ ಮುಂಚೆ.

ಪರೀಕ್ಷೆಯ ಏರ್ಪಾಡಿಗೂ ಒಂದು ಕ್ರಮ ಬಂದಿದೆ. ಟೋಕನ್ ಅಡ್ವಾನ್ಸ್ ಕೊಡುವ ಮುಂಚೆಯೇ, ಪರೀಕ್ಷೆಯಲ್ಲಿ ದೋಷ ಕಂಡರೆ ಹಣ ವಾಪಸ್ ಎಂದು ಬರೆಸಿಕೊಳ್ಳಬೇಕು. ಬೆಳಗ್ಗೆಯೇ ಹೋಗಬೇಕು, ಎಂಜಿನ್ ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಸದ್ದನ್ನೂ ಹೊಗೆಯನ್ನೂ ಬಚ್ಚಿಡುತ್ತದೆ. ನೆಲಕ್ಕೆ ತಾಗುವಷ್ಟು ತಗ್ಗಿನ ಕಾರನ್ನು ಪೀಣ್ಯದ ಹಂಪುಗಳ ಮೇಲೆ ತರಲಾಗದು. ಲಿಫ್ಟ್ ಇರುವ, ಇಬ್ಬರಿಗೂ ಸಂಬಂಧವಿಲ್ಲದ ಹತ್ತಿರದ ಗ್ಯಾರೇಜನ್ನು ಮೊದಲೇ ಗೊತ್ತುಮಾಡಬೇಕು. ಕೆಳತಟ್ಟೆ ಬಿಚ್ಚಲು ಮಾಲೀಕರ ಒಪ್ಪಿಗೆ ಬೇಕು. ಒಪ್ಪದಿದ್ದರೆ ಅದೇ ಉತ್ತರ.

ಇತ್ತೀಚೆಗೆ ಗಿರಾಕಿಗಳು ಮೊಬೈಲ್ ತೋರಿಸಿ, "ಮಾರೋರೇ ಇನ್ನೂರು ಪಾಯಿಂಟ್ ಚೆಕ್ ಮಾಡಿದ ರಿಪೋರ್ಟ್ ಕೊಟ್ಟಿದ್ದಾರಲ್ಲ ಸಾರ್?" ಎನ್ನುತ್ತಾರೆ. ರಿಪೋರ್ಟು ಚೆನ್ನಾಗಿಯೇ ಇರಬಹುದು. ಆದರೂ ಪಾಯಿಂಟ್ ಎಣಿಸುವ ಮೊದಲು ಅದನ್ನು ಬರೆದವನಿಗೆ ಕೂಲಿ ಕೊಟ್ಟವರು ಯಾರು ಎಂದು ಕೇಳಿ. ಕಾರು ಮಾರಾಟವಾದರಷ್ಟೇ ಅವನಿಗೆ ದುಡ್ಡೆಂದಾದರೆ, ಸ್ಕ್ಯಾನರ್ ಎಷ್ಟು ಹೊಸದಾದರೂ ನೀವು ಕರೆದೊಯ್ದಿರುವುದು ಬ್ರೋಕರಿನ ಮೇಸ್ತ್ರಿಯನ್ನೇ.