ನಮ್ಮ ಬಾವಿಯೂ ಒಂದು ಪಾಠ

ಕಳೆದ ವರ್ಷ ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದವು. ಜಲಮಾಲಿನ್ಯದ ಕಾರಣಗಳು, ಪರಿಣಾಮಗಳು, ನಿವಾರಣೋಪಾಯಗಳು ಎಂದು ಕ್ರಮಸಂಖ್ಯೆ ಹಾಕಿ ಎರಡು ಪುಟ ತುಂಬಿಸಿದ್ದೆ. ಆ ಸುದ್ದಿಯನ್ನು ಹೊತ್ತು ಗಂಗೊಳ್ಳಿಯ ಹೊಳೆಬದಿಯ ನಮ್ಮ ಮನೆಗೆ ಹೋದಾಗ ಅಜ್ಜಿ ಚಾ ಕೊಟ್ಟರು. ಚಾ ಉಪ್ಪಾಗಿತ್ತು.

ಮಾರ್ಚ್ ಕಳೆಯಿತೆಂದರೆ ನಮ್ಮ ಬಾವಿಯ ಕಥೆ ಇದೇ. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕುಡಿಯುವ ನೀರಿಗೆ ಎರಡು ಹಿತ್ತಲು ದಾಟಿ ಮೇಲಿನ ಮನೆಯವರ ಬಾವಿಗೆ ಹೋಗಬೇಕು. ಅಂದು ಅಜ್ಜಿಗೆ ಕಾಲುನೋವು, ಹೋಗಲಾಗಿರಲಿಲ್ಲ. ನನ್ನ ಅಂಕಗಳನ್ನು ಕೇಳಿ ಸಂತೋಷಪಟ್ಟು, "ಹಾಂಗಾರೆ ನಮ್ಮ್ ಬಾಮಿ ನೀರ್ ಎಂತಕ್ ಉಪ್ಪಾಪ್ದ್ ಅಂದೇಳಿ ನಿಂಗ್ ಗೊತ್ತಿತ್ತಾ ಮಗಾ?" ಎಂದರು. ಆ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಓದಿದ ಮೊಮ್ಮಗನಿಗೆ ಇಷ್ಟಾದರೂ ತಿಳಿದಿರಬೇಕೆಂಬ ನಂಬಿಕೆಯಿತ್ತು. ನನಗೆ ತಿಳಿದಿರಲಿಲ್ಲ.

ಈ ವಿಷಯ ನಮ್ಮ ಪಾಠಪಟ್ಟಿಯೊಳಗೆ ಸುಮ್ಮನೆ ಬಂದು ಸೇರಿದುದಲ್ಲ. ಎಂ. ಸಿ. ಮೆಹ್ತಾ ಎಂಬ ವಕೀಲರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೧ರ ನವೆಂಬರಿನಲ್ಲಿ, ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ೧೨ ವರ್ಷ ಕಳೆದರೂ ಕೆಲಸ ಸಾಗದಿರಲು ೨೦೦೩ರಲ್ಲಿ ಮತ್ತೆ ಆಜ್ಞೆ ಮಾಡಬೇಕಾಯಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಎಲ್ಲ ಪದವಿ ತರಗತಿಗಳಿಗಾಗಿ ರಚಿಸಿದ ಪಾಠಪಟ್ಟಿಯಲ್ಲಿ ೮ ಘಟಕಗಳು, ೫೦ ಪಾಠಗಳು, ೧೦೦ ಅಂಕಗಳು ಇದ್ದವು. ಎಂಟನೆಯ ಘಟಕವೇ ಕ್ಷೇತ್ರಕಾರ್ಯ. ಊರಿನ ಹೊಳೆ, ಕಾಡು, ಗುಡ್ಡಗಳನ್ನು ಕಣ್ಣಾರೆ ನೋಡಿ ಬರೆಯಬೇಕು. ಅದಕ್ಕೆ ೫ ಪಾಠಗಳ ಹೊತ್ತು, ೨೫ ಅಂಕ. ಆ ಮೇಲೆ ಪಟ್ಟಿಗಳು ಬದಲಾಗುತ್ತ ಬಂದರೂ ಹೊರಗೆ ಹೋಗಿ ನೋಡಬೇಕೆಂಬ ಮಾತು ಮಾತ್ರ ಉಳಿದಿದೆ.

ಆದುದರಿಂದ ಪಟ್ಟಿ ಮಾಡಿದವರನ್ನು ದೂರುವಂತಿಲ್ಲ. ನಾವು ಮಾಡಿದ್ದೇನು? ನಾಲ್ವರು ಗೆಳೆಯರು ಒಟ್ಟು ಕುಳಿತು, ಹಿಂದಿನ ವರ್ಷದವರ ಪುಸ್ತಕ ನೋಡಿ ಒಂದು ಕೆರೆಯ ವರ್ಣನೆ ಬರೆದೆವು. ಆ ಕೆರೆಯನ್ನು ಅವರಾದರೂ ನೋಡಿದ್ದರೋ ಇಲ್ಲವೋ, ದೇವರೇ ಬಲ್ಲ! ನಮ್ಮ ನಾಲ್ಕು ಪುಸ್ತಕಗಳಲ್ಲಿಯೂ ಅದೇ ಮಿಂಚುಳ್ಳಿ ಅದೇ ಕೊಂಬೆಯ ಮೇಲೆ ಕುಳಿತಿತ್ತು.

ಅಜ್ಜಿಯ ಪ್ರಶ್ನೆಯನ್ನು ಹಿಡಿದುಕೊಂಡು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಈಗ ನಿವೃತ್ತರಾಗಿರುವ ಮಾಷ್ಟ್ರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುಳ್ಳಿರಿಸಿ ತಿಳಿಯಹೇಳಿದರು. ಸಿಹಿನೀರು ಕಡಲನೀರಿಗಿಂತ ಹಗುರ. ಆದುದರಿಂದ ಕರಾವಳಿಯ ನೆಲದಡಿಯಲ್ಲಿ ಅದು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಕಡಲಿನ ಮಟ್ಟಕ್ಕಿಂತ ೧ ಅಡಿ ಮೇಲಿದ್ದರೆ, ಕಡಲಮಟ್ಟದಿಂದ ಕೆಳಗೆ ಸುಮಾರು ೪೦ ಅಡಿಯವರೆಗೆ ಸಿಹಿನೀರು ನಿಲ್ಲಬಲ್ಲುದು. ಮೇಲಿನ ಒಂದಡಿಯನ್ನು ಎಳೆದು ಮುಗಿಸಿದರೆ ಕೆಳಗಿನ ನಲ್ವತ್ತಡಿಯೂ ಕ್ರಮೇಣ ಕೈಬಿಟ್ಟು ಹೋಗುತ್ತದೆ. ಇದರ ಮೇಲೆ ಬೇಸಗೆಯಲ್ಲಿ ಹೊಳೆಯ ಹರಿವು ಬಡವಾದಾಗ ಭರತದ ನೀರು ಒಳಕ್ಕೆ ನುಗ್ಗುತ್ತದೆ. ಕಿಂಡಿ ಅಣೆಕಟ್ಟಿಗೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕದಿದ್ದರೆ ಅದನ್ನು ತಡೆಯುವವರಿಲ್ಲ.

"ನಿಮ್ಮ ಬಾವಿಗೆ ಪಂಪು ಉಂಟೋ?" ಎಂದು ಮಾಷ್ಟ್ರು ಕೇಳಿದರು. ಉಂಟು ಎಂದೆ. ಕೊಡಪಾನದಲ್ಲಿ ಸೇದುತ್ತಿದ್ದ ಬಾವಿಗೆ ಪಂಪು ಬೇಕೆಂದು ಮನೆಯಲ್ಲಿ ಹಟ ಹಿಡಿದವನು ನಾನೇ ಎಂಬುದನ್ನು ಮಾತ್ರ ಹೇಳಲಿಲ್ಲ.

ಅಂದಿನಿಂದ ನನಗೆ ಅನ್ನಿಸುತ್ತಿರುವುದೇನೆಂದರೆ, ಪರಿಸರದ ಪಾಠವನ್ನು ನಾವು ಬಾವಿಯಿಂದಲೇ ಆರಂಭಿಸಬಾರದೇಕೆ? ನಮ್ಮಲ್ಲಿ ಒತ್ತಿನೆಣೆಯ ಮುರಕಲ್ಲಿನ ಗುಡ್ಡದ ಬುಡದಿಂದ ಬರುವವರಿದ್ದಾರೆ. ಒಂದು ಪಕ್ಕ ಸೌಪರ್ಣಿಕಾ, ಇನ್ನೊಂದು ಪಕ್ಕ ಕಡಲು ಇರುವ ಮರವಂತೆಯವರಿದ್ದಾರೆ. ಬ್ರಹ್ಮಾವರದ ಕಡೆ ಸೀತಾನದಿಯ ದಡದವರಿದ್ದಾರೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಸೇರಿ ಕಡಲಿಗಿಳಿಯುವ ಗಂಗೊಳ್ಳಿಯವರು ನಾವಿದ್ದೇವೆ. ಒಬ್ಬೊಬ್ಬರು ತಮ್ಮ ಮನೆಯ ಬಾವಿಯನ್ನು ತಿಂಗಳಿಗೊಮ್ಮೆ ಗಂಟು ಹಾಕಿದ ಹಗ್ಗದಿಂದ ಅಳೆದು ಬರೆದಿಡಲಿ. ಒಂದು ಶೀಶೆ ನೀರನ್ನು ನೆರೆಯ ವಿಜ್ಞಾನ ಕಾಲೇಜಿನ ಪ್ರಯೋಗಶಾಲೆಗೆ ಒಯ್ದು ಕ್ಲೋರೈಡ್ ಎಷ್ಟೆಂದು ನೋಡಲಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೨೫೦ ಮಿಲಿಗ್ರಾಮಿನೊಳಗಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಕಡಲಿನಲ್ಲಿ ಅದು ಸುಮಾರು ೧೯,೦೦೦. ಇವೆರಡರ ನಡುವೆ ನಮ್ಮ ಬಾವಿ ಎಲ್ಲಿದೆ ಎಂಬುದನ್ನು ತಿಳಿಯಬಾರದೇ?

ಕಲಾ ವಿಭಾಗದವರಾದ ನಮಗೆ ಇದರಲ್ಲೇನು ಕೆಲಸ ಎನ್ನಬೇಡಿ. ಅಣೆಕಟ್ಟಿನ ಹಲಗೆಯ ಖರ್ಚು ಯಾರದು, ತಡವಾದರೆ ನಷ್ಟ ಯಾರಿಗೆ ಎಂಬುದು ಅರ್ಥಶಾಸ್ತ್ರ. ಯಾವ ಬಾವಿ ಯಾವ ಕಾಲದಲ್ಲಿ ಉಪ್ಪಾಯಿತೆಂದು ಹಿರಿಯರನ್ನು ಕೇಳಿ ಬರೆಯುವುದು ಚರಿತ್ರೆ. ಕುದ್ರು, ಬೈಲು, ಹಾಡಿ, ಮದಗ, ಹೊಯಿಗೆ ಎಂಬ ಮಾತುಗಳು ಮರೆತುಹೋಗುವ ಮೊದಲು ಕೂಡಿಸಿಡುವುದು ಕನ್ನಡದ ಕೆಲಸ.

ಇದು ಹೊಸ ಹಾದಿಯೂ ಅಲ್ಲ. ನಮ್ಮ ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾಲೇಜನ್ನು ನಡುವೆಯೇ ಬಿಟ್ಟವರು. ಆದರೂ ಕನ್ನಡದ ಮಕ್ಕಳಿಗೆ 'ಬಾಲಪ್ರಪಂಚ'ವನ್ನು, ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ವನ್ನು ಕೊಟ್ಟರು. ಮುಪ್ಪಿನಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ೧೯೮೯ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತರು. ೧೯೯೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಕಾಲೇಜುಗಳ ಅಧ್ಯಾಪಕರನ್ನು ಕೂಡಿಸಿಕೊಂಡು ಊರೂರಿನ ಗಿಡಮರ, ಪ್ರಾಣಿಪಕ್ಷಿಗಳನ್ನು ದಾಖಲೆ ಮಾಡಿಸಿದರು. ಕಾಲೇಜುಗಳಿಂದ ಆ ಕೆಲಸ ಸಾಧ್ಯವಾಗಿದ್ದರೆ ಬಾವಿಯ ನೀರನ್ನಳೆಯುವುದು ನಮ್ಮಿಂದ ಸಾಧ್ಯವಾಗದೇ?

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ. ಕ್ಷೇತ್ರಕಾರ್ಯದ ಪುಸ್ತಕಕ್ಕೆ ಅಂಕ ಕೊಡುವ ಮೊದಲು, "ನಿನ್ನ ಮನೆಯ ಬಾವಿಯಲ್ಲಿ ಈ ತಿಂಗಳು ನೀರೆಷ್ಟು?" ಎಂದು ಒಂದೇ ಪ್ರಶ್ನೆ ಕೇಳಿರಿ. ಮೂರು ತಾಲೂಕುಗಳ ಉತ್ತರವನ್ನು ಹತ್ತು ವರ್ಷ ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ, ಪಂಚಾಯತಿಯವರೂ ಅದನ್ನು ಕೇಳಿಕೊಂಡು ಕಾಲೇಜಿಗೆ ಬಂದಾರು.

ನಾನು ನಮ್ಮ ಬಾವಿಯ ಲೆಕ್ಕವನ್ನು ಬರೆಯತೊಡಗಿದ್ದೇನೆ. ಹಗ್ಗದ ಗಂಟುಗಳನ್ನು ಎಣಿಸುವವರು ಅಜ್ಜಿ; ಬರೆಯುವವನು ನಾನು. ಪಂಪನ್ನು ಮೊದಲಿನ ಅರ್ಧ ಹೊತ್ತು ಮಾತ್ರ ಬಿಡುತ್ತೇವೆ. ನೀರು ಸಿಹಿಯಾಯಿತೇ ಎಂದು ಈಗಲೇ ಕೇಳಬೇಡಿ. ಬರುವ ಮಾರ್ಚಿನವರೆಗೆ ಕಾಯಬೇಕು.