ಇಂಗ್ಲಿಷ್ ಪಾಠಕ್ಕೆ ನಮ್ಮ ಕಡೆಯ ಲೆಕ್ಕ

ಇಂಗ್ಲಿಷ್ ಕಲಿಸುವ ತರಬೇತಿಗೆ ಹೋದಾಗೆಲ್ಲ ಉದಾಹರಣೆಗಳು ಬರುವುದು ತೆಲುಗಿನಿಂದ. ತಪ್ಪೇನಿಲ್ಲ, ರಾಜ್ಯವೇ ತೆಲುಗಿನದು. ಆದರೆ ಆದೋನಿ, ಆಲೂರು, ಕೌತಾಳಂ ಕಡೆಯ ಕನ್ನಡ ಮಾಧ್ಯಮದ ಮೇಷ್ಟರು ಅದನ್ನು ಮನೆಗೆ ತಂದು ಮತ್ತೆ ಕನ್ನಡಕ್ಕೆ ಹೊಂದಿಸಿಕೊಳ್ಳಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮನೆಯ ಮಾತು ಮಾತ್ರ ಎಷ್ಟೋ ಊರುಗಳಲ್ಲಿ ಇದ್ದ ಹಾಗೇ ಉಳಿಯಿತು. ಹಾಗಾಗಿ ನಮ್ಮ ಮಗುವಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಆಮೇಲೆ ಹಿಂದಿ, ಇಂಗ್ಲಿಷ್. "ಪಾಪ, ಇಷ್ಟೊಂದು ಭಾಷೆ" ಎಂದು ಮರುಗುವವರಿದ್ದಾರೆ. ನನಗೆ ಹಾಗನಿಸಿಲ್ಲ. ಇದೇ ನಮ್ಮ ಬಂಡವಾಳ.

ಹೇಗೆ ಅಂತೀರಾ? ನಮ್ಮ ಮಕ್ಕಳು ಯಾರೂ ಹೇಳಿಕೊಡದೆಯೇ ಒಂದು ಲೆಕ್ಕ ಕಲಿತಿರುತ್ತಾರೆ. ಕನ್ನಡದ ಹಾಲು ತೆಲುಗಿನಲ್ಲಿ ಪಾಲು, ಹುಲಿ ಅಂದರೆ ಪುಲಿ, ಹಾವು ಅಂದರೆ ಪಾಮು. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕಣ್ಣು ಅವರಿಗೆ ಬಂದೇ ಇರುತ್ತದೆ. ಹಾಗಾಗಿ ಬೋರ್ಡಿನ ಮೇಲೆ ಮೂರು ಸಾಲು ಬರೆಯುತ್ತೇನೆ: ಅವನು ನನ್ನ ತಮ್ಮ. ವಾಡು ನಾ ತಮ್ಮುಡು. ಹೀ ಈಸ್ ಮೈ ಬ್ರದರ್. ಪದಗಳನ್ನು ಎಣಿಸಿ ಎನ್ನುತ್ತೇನೆ. ಮೂರು, ಮೂರು, ನಾಲ್ಕು. ಆ ಹೆಚ್ಚಿನ ಪದ ಯಾವುದು ಎಂದು ಹುಡುಕುವುದೇ ಆ ದಿನದ ಪಾಠ. ಕನ್ನಡ, ತೆಲುಗು ಎರಡಕ್ಕೂ ಬೇಡವಾದ "ಈಸ್" ಇಂಗ್ಲಿಷಿಗೆ ಮಾತ್ರ ಬೇಕು ಎಂದು ಅವರೇ ಕಂಡುಕೊಂಡರೆ ವ್ಯಾಕರಣದ ಹೆಸರು ಎತ್ತಬೇಕಾಗಿಯೇ ಇಲ್ಲ. ಒಮ್ಮೆ ಒಬ್ಬ ಹುಡುಗ ಎದ್ದು, "ಸಾರ್, ಬ್ರದರ್ ಅಂದ್ರ ಅಣ್ಣನೋ ತಮ್ಮನೋ ಅವರಿಗೆ ಹೆಂಗ ಗೊತ್ತಾಗ್ತದ?" ಎಂದ. ಆವತ್ತಿನ ಪೀರಿಯಡ್ ಪೂರ್ತಿ ಆ ಪ್ರಶ್ನೆಗೇ ಹೋಯಿತು. ಹೋಗಲಿ ಬಿಡಿ.

ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಬಾಯಿಗೇ ಬರಬಾರದು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಅರ್ಥ ಕನ್ನಡದಲ್ಲಿ ಒಂದು ಸಲ ಹೇಳಿ ಮುಗಿಸಿದರೆ, ಉಳಿದ ಹೊತ್ತೆಲ್ಲ ಇಂಗ್ಲಿಷ್ ಆಡಿಸಲು ಸಿಗುತ್ತದೆ.

ಆಡಿಸುವ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಎನ್.ಎಸ್. ಪ್ರಭು ಅವರ ಪ್ರಯೋಗ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆದದ್ದು, ಬೆಂಗಳೂರು ಪ್ರಾಜೆಕ್ಟ್ ಎಂದು ಜಗತ್ತಿಗೆಲ್ಲ ಪರಿಚಯ. ವಾಕ್ಯರಚನೆಯನ್ನು ಒಂದೊಂದಾಗಿ ಉರು ಹೊಡೆಸುವ ಬದಲು ಅವರು ಮಕ್ಕಳಿಗೆ ರೈಲ್ವೆ ವೇಳಾಪಟ್ಟಿ, ನಕ್ಷೆಯಂಥವನ್ನು ಕೊಟ್ಟು ಲೆಕ್ಕ ಬಿಡಿಸಲು ಹೇಳಿದರು. ಲೆಕ್ಕದ ಕಡೆ ಗಮನ ಇದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ತರಗತಿಯ ಸುಮಾರು ಅರ್ಧ ಮಕ್ಕಳು ಅರ್ಧದಷ್ಟಾದರೂ ಸರಿ ಮಾಡಿದರೆ ಆ ಕೆಲಸದ ಕಷ್ಟ ಹದವಾಗಿದೆ ಎಂಬ ಅಳತೆಯನ್ನೂ ಕೊಟ್ಟರು. ಈ ಒಂದು ಅಳತೆ ಹತ್ತು ತರಬೇತಿಗೆ ಸಮ!

ನಮಗೆ ವೇಳಾಪಟ್ಟಿ ಹುಡುಕಿಕೊಂಡು ಹೋಗಬೇಕಿಲ್ಲ. ಗುಂತಕಲ್ಲು, ಆದೋನಿ, ಕೋಸಿಗಿ, ಮಂತ್ರಾಲಯಂ ರೋಡ್, ರಾಯಚೂರು. ಯಾವ ಗಾಡಿ ಮೊದಲು ಬರುತ್ತದೆ, ಎಷ್ಟು ಹೊತ್ತು ಕಾಯಬೇಕು ಎಂದು ನಾನು ಇಂಗ್ಲಿಷಿನಲ್ಲಿ ಕೇಳುತ್ತೇನೆ, ಅವರು ಒಂದು ಪದದಲ್ಲಿ ಹೇಳಿದರೂ ಸಾಕು. ಹತ್ತಿಯ ಊರಾದ್ದರಿಂದ ಮಾರ್ಕೆಟ್, ಜಿನ್ನಿಂಗ್ ಮಿಲ್, ಲಾರಿ, ಲೋಡ್ ಎಂಬ ಪದಗಳು ಶಾಲೆಗೆ ಬರುವ ಮೊದಲೇ ಅವರ ಬಾಯಲ್ಲಿವೆ.

ನಿಜವಾದ ತೊಂದರೆ ವಾರ್ಷಿಕ ಯೋಜನೆಯಲ್ಲಿದೆ. ಜೂನ್‌ನಿಂದ ಏಪ್ರಿಲ್‌ವರೆಗೆ ಪಾಠ ಹಂಚಿ ಬರೆದು ಕೊಡುತ್ತೇವೆ. ಮಳೆ ಕೈಕೊಟ್ಟ ವರ್ಷ ದಸರಾ, ದೀಪಾವಳಿ ಮುಗಿಯುತ್ತಲೇ ಎಷ್ಟೋ ಮನೆಗಳಿಗೆ ಬೀಗ. ಅಪ್ಪ ಅಮ್ಮ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಮಕ್ಕಳೂ ಜೊತೆಗೆ. ವಾಪಸು ಬರುವುದು ಯುಗಾದಿ ಹೊತ್ತಿಗೆ. ಒಂದು ಪಾಠದ ಮೇಲೆ ಇನ್ನೊಂದನ್ನು ಪೇರಿಸುವ ಯೋಜನೆ ಇಂಥ ಮಗುವಿಗೆ ಯಾವ ಪ್ರಯೋಜನಕ್ಕೂ ಬಾರದು. ಅದಕ್ಕೇ ನಾನು ವರ್ಷವನ್ನು ಎರಡು ಮಾಡಿಕೊಂಡಿದ್ದೇನೆ. ಓದುವುದು, ಬರೆಯುವುದು, ಮುಖ್ಯ ವಾಕ್ಯಗಳು ದಸರಾ ಒಳಗೇ ಮುಗಿಯಬೇಕು. ಆಮೇಲೆ ವೇಳಾಪಟ್ಟಿಯಂಥ ಬಿಡಿ ಕೆಲಸಗಳು. ಹಿಂದಿನ ವಾರ ಬರದ ಮಗು ಈ ವಾರ ಬಂದು ಕೂತರೂ ಕೈ ಹಾಕಬಹುದು.

ಕನ್ನಡ ಶಾಲೆಗಳಿಗೆ ಇದು ಅಳಿವು ಉಳಿವಿನ ಮಾತು. 2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ತರುವ ಆದೇಶ ಬಂತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಪಾಲಕರ ಮನಸ್ಸನ್ನು ಯಾವ ಕೋರ್ಟೂ ತಿದ್ದಲಾರದು. "ನಿಮ್ಮಲ್ಲಿ ಹಾಕಿದ್ರ ಇಂಗ್ಲಿಷ್ ಬರ್ತದಾ ಸಾರ್?" ಅವರು ಕೇಳುವುದು ಇಷ್ಟೇ.

ಊರು ಬಿಟ್ಟು ಹೋಗುವ ಮಕ್ಕಳ ಕೈಗೆ ಈಗ ಒಂದು ನೋಟ್‌ಬುಕ್ ಕೊಟ್ಟು ಕಳಿಸುತ್ತೇನೆ. ದಿನಕ್ಕೊಂದು ಇಂಗ್ಲಿಷ್ ಪದ, ಎಲ್ಲಿ ಕಂಡರೆ ಅಲ್ಲಿಂದ ಬರೆದುಕೊಂಡು ಬರಬೇಕು. ಒಬ್ಬ ಹುಡುಗಿ ಲಾರಿ ಹಿಂದಿನಿಂದ "ಸ್ಟಾಪ್", "ಹಾರ್ನ್", ಔಷಧಿ ಡಬ್ಬಿಯ ಮೇಲಿಂದ "ಪಾಯಿಸನ್", ಗೊಬ್ಬರದ ಚೀಲದಿಂದ "ನೆಟ್ ವೆಯ್ಟ್" ಬರೆದು ತಂದಿದ್ದಳು. ಆ ಜೂನ್‌ನಲ್ಲಿ ತರಗತಿಯ ಮೊದಲ ಪಾಠ ಅವಳ ಪಟ್ಟಿಯಿಂದಲೇ ಆಯಿತು. ಪಾಠ ಯೋಜನೆಯ ಬೋಧನೋಪಕರಣದ ಕಾಲಂನಲ್ಲಿ "ಗೊಬ್ಬರದ ಖಾಲಿ ಚೀಲ, 1" ಎಂದು ಬರೆದೆ.